ತೊಗರಿ ರಾಶಿ ಮುಗಿದ ಮೇಲೆ ವೆನಿಸ್

ಶಾಲಾ ಶಿಕ್ಷಕನಾದ ನನ್ನ ತಮ್ಮ 2024ರ ಮೇ ತಿಂಗಳಲ್ಲಿ ಹೆಂಡತಿಯನ್ನು ಕರೆದುಕೊಂಡು ಯುರೋಪ್ ಪ್ಯಾಕೇಜ್ ಟೂರ್ ಮುಗಿಸಿ ಬಂದ. ನಾನೂ ನನ್ನಾಕೆಯೂ 2025ರ ಜನವರಿಯಲ್ಲಿ ವೆನಿಸ್‌ಗೆ ಹೋದೆವು. ನಾವು ಅಲ್ಲಿ ಚಳಿಗೆ ನಡುಗುತ್ತಿದ್ದಾಗ ಅವನ ಟೂರಿನ ನಾಲ್ಕು ಕಂತು ಇನ್ನೂ ಬಾಕಿ ಇದ್ದವು.

ಅದಕ್ಕೆ ‘ನೋ ಕಾಸ್ಟ್ ಇಎಂಐ’ ಎಂದು ಹೆಸರು. ಬಡ್ಡಿ ಇಲ್ಲ, ಹನ್ನೆರಡು ಕಂತು, ಕಂತಿಗೆ 40,000. ಒಟ್ಟು 4,80,000. ಸಹಿ ಹಾಕುವ ಮುಂಚೆ ನನಗೆ ಫೋನ್ ಮಾಡಿದ್ದ. ಪೂರ್ತಿ ಹಣ ಒಮ್ಮೆಲೇ ಕಟ್ಟಿದರೆ ಎಷ್ಟು ಅಂತ ಕೇಳು ಎಂದೆ. ಕೇಳಿದ. 4,56,000 ಅಂದರಂತೆ. ಅಲ್ಲಿಗೆ 24,000 ರೂಪಾಯಿ ಬಡ್ಡಿ ‘ರಿಯಾಯಿತಿ’ಯ ವೇಷದಲ್ಲಿ ಕೂತಿತ್ತು. ಜತೆಗೆ 2% ಪ್ರೊಸೆಸಿಂಗ್ ಶುಲ್ಕ 9,600, ಅದರ ಮೇಲೆ 18% ಜಿಎಸ್‌ಟಿ 1,728. ಹೆಚ್ಚಿಗೆ ಕೊಟ್ಟದ್ದು ಒಟ್ಟು 35,328.

4,56,000ಕ್ಕೆ ಇದು ಎಂಟು ಪರ್ಸೆಂಟೂ ಆಗಲಿಲ್ಲವಲ್ಲ ಎಂದು ತಮ್ಮ ವಾದಿಸಿದ. ಅಲ್ಲೇ ಎಲ್ಲರೂ ಎಡವುವುದು. ಆ 4,56,000 ಅವನ ಬಳಿ ವರ್ಷವಿಡೀ ಇರಲಿಲ್ಲ. ತಿಂಗಳಿಗೆ 38,000ದಂತೆ ಅಸಲು ಕರಗುತ್ತ ಹೋಯಿತು. ಮೊದಲ ತಿಂಗಳು ಬಾಕಿ 4,56,000, ಎರಡನೆಯದು 4,18,000, ಕೊನೆಯದು 38,000. ಹನ್ನೆರಡನ್ನೂ ಕೂಡಿಸಿ ಹನ್ನೆರಡರಿಂದ ಭಾಗಿಸಿದರೆ ಸರಾಸರಿ 2,47,000. ಇಷ್ಟು ಸಾಲಕ್ಕೆ ವರ್ಷಕ್ಕೆ 35,328 ಎಂದರೆ 14.3%. ಶುಲ್ಕವನ್ನು ಮೊದಲ ದಿನವೇ ಕಿತ್ತುಕೊಂಡಿದ್ದರಿಂದ ನಿಜವಾದ ದರ ಇನ್ನೂ ತುಸು ಮೇಲೆ. ಇದಕ್ಕೆ ಕಾಸಿಲ್ಲದ ಕಂತು ಅಂತ ಹೆಸರಿಡಲು ಬಾಯಾದರೂ ಹೇಗೆ ಬರುತ್ತದೋ! ಶೂನ್ಯ ಬಡ್ಡಿ ಎಂಬುದೇ ಇಲ್ಲ ಎಂದು ರಿಸರ್ವ್ ಬ್ಯಾಂಕು 2013ರ ಸೆಪ್ಟೆಂಬರ್‌ನಲ್ಲೇ ಬ್ಯಾಂಕುಗಳಿಗೆ ಸುತ್ತೋಲೆ ಕಳಿಸಿತ್ತು. ಹೆಸರು ಬದಲಾಯಿತು, ಲೆಕ್ಕ ಬದಲಾಗಲಿಲ್ಲ.

ವಿದೇಶ ಪ್ಯಾಕೇಜಿನ ಮೇಲೆ ಮುಂಚೆಯೇ ವಸೂಲು ಮಾಡುವ ತೆರಿಗೆ ಟಿಸಿಎಸ್, ಆಗ 5%, ಅಂದರೆ 24,000, ಕೈಯಿಂದ ಬೇರೆಯೇ ಕಟ್ಟಿದ. ಅದು ರಿಟರ್ನ್ ಹಾಕಿದ ಮೇಲೆ ವಾಪಸ್ ಬರುವ ದುಡ್ಡು, ನಿಜ. ಆದರೆ ಅಲ್ಲಿಯವರೆಗೆ ಸುಮ್ಮನೆ ಕೂತಿರುತ್ತದೆ. 2024ರ ಅಕ್ಟೋಬರ್‌ನಿಂದ ಸಂಬಳದಾರರು ಅದನ್ನು ಸಂಬಳದ ಟಿಡಿಎಸ್‌ನಲ್ಲೇ ಮುರಿಸಿಕೊಳ್ಳಬಹುದು. ನನ್ನ ತಮ್ಮ ಶಾಲೆಯ ಕಚೇರಿಗೆ ಒಂದು ಅರ್ಜಿ ಕೊಟ್ಟಿದ್ದರೆ ಸಾಕಿತ್ತು. ಕೊಡಲಿಲ್ಲ.

ಇಷ್ಟೆಲ್ಲ ತೆತ್ತು ಅವನಿಗೆ ವೆನಿಸ್‌ನಲ್ಲಿ ಸಿಕ್ಕಿದ್ದು ಮೂರು ತಾಸು. ಶನಿವಾರ ಬೇರೆ. ಬೆಳಿಗ್ಗೆ ಬಂದು ಸಂಜೆ ಹೋಗುವ ಪ್ರವಾಸಿಗರಿಗೆ ಆ ನಗರ 2024ರ ಏಪ್ರಿಲ್ 25ರಿಂದ ಜನ ಮುಗಿಬೀಳುವ ದಿನಗಳಲ್ಲಿ ತಲೆಗೆ 5 ಯೂರೊ ಪ್ರವೇಶ ಶುಲ್ಕ ಹಾಕಿತ್ತು. ಸೇಂಟ್ ಮಾರ್ಕ್ಸ್ ಚರ್ಚಿನ ಸಾಲು ನೋಡಿ ಹೊರಗೇ ಫೋಟೊ ತೆಗೆಸಿಕೊಂಡು ಬಂದ. ಜನವರಿಯಲ್ಲಿ ಆ ಶುಲ್ಕವೂ ಇಲ್ಲ, ಆ ಸಾಲೂ ಇಲ್ಲ.

ನಮ್ಮದು ತೊಗರಿ ಸೀಮೆ. ಜೇವರ್ಗಿ ಕಡೆಯ ಒಕ್ಕಲಿಗೆ ವರ್ಷಕ್ಕೊಮ್ಮೆ ದುಡ್ಡು ಕಾಣುವುದು ರಾಶಿ ಮುಗಿದು ಅಡತಿ ಅಂಗಡಿಯಿಂದ ಪಟ್ಟಿ ಕೈಗೆ ಬಂದಾಗ. ಹಿಂದಿನ ವರ್ಷದ ತೊಗರಿ ದುಡ್ಡು ಎಫ್‌ಡಿಯಲ್ಲಿತ್ತು. ಆ ಸಲದ ಎಳ್ಳ ಅಮಾವಾಸ್ಯೆಗೆ ಹೊಲದಲ್ಲಿ ಚರಗ ಚೆಲ್ಲಿ, ರಾಶಿ ಮುಗಿಸಿದ ಮೇಲೆ ನಮಗೆ ಪುರುಸೊತ್ತು. ಯುರೋಪಿನ ಹೋಟೆಲುಗಳಿಗೂ ಅದೇ ಹೊತ್ತಿಗೆ ಪುರುಸೊತ್ತು. ಕ್ರಿಸ್‌ಮಸ್ ಗದ್ದಲ ಜನವರಿ 6ರ ಹಬ್ಬಕ್ಕೆ ಮುಗಿಯುತ್ತದೆ. ಮುಂದೆ ಕಾರ್ನಿವಲ್ ಶುರುವಾದರೆ ಬಾಡಿಗೆ ಮತ್ತೆ ಮೇಲೇರುತ್ತದೆ. ನಡುವಿನ ವಾರಗಳನ್ನು ಹಿಡಿಯಬೇಕು. ವೆನಿಸ್‌ನ ಕನ್ನರೆಜೊ ಭಾಗದಲ್ಲಿ ನಮ್ಮ ಕೋಣೆಗೆ ರಾತ್ರಿಗೆ 85 ಯೂರೊ. ಮೇ ತಿಂಗಳಿಗೆ ಅದೇ ಕೋಣೆಗೆ 210 ತೋರಿಸುತ್ತಿತ್ತು.

ಹೈದರಾಬಾದ್‌ನಿಂದ ಇಬ್ಬರ ವಿಮಾನ, ವೀಸಾ (ತಲೆಗೆ 90 ಯೂರೊ), ವಿಮೆ, ಕೋಣೆ, ಊಟ, ದೋಣಿ ಎಲ್ಲ ಸೇರಿ ಎರಡೂಕಾಲು ಲಕ್ಷದೊಳಗೆ ಮುಗಿಯಿತು. ಟಿಕೆಟ್ಟೂ ಕೋಣೆಯೂ ಬೇರೆ ಬೇರೆ ನಾವೇ ಬುಕ್ ಮಾಡಿದ್ದರಿಂದ ಪ್ಯಾಕೇಜ್ ಟಿಸಿಎಸ್ ಬೀಳಲಿಲ್ಲ. ಅವನು ಐದು ದೇಶ ನೋಡಿದ, ನಾವು ಒಂದೇ ಊರು. ಆ ಮಟ್ಟಿಗೆ ಎರಡನ್ನೂ ಒಂದೇ ತಕ್ಕಡಿಗೆ ಹಾಕಲು ಬರುವುದಿಲ್ಲ. ಆದರೆ ಕಾಲೇಜಿನಲ್ಲಿ ಇತಿಹಾಸ ಪಾಠ ಮಾಡಿದ ನನಗೆ ಆ ಒಂದೇ ಊರು ಬೇಕಿತ್ತು. 1420ರ ಸುಮಾರಿಗೆ ವಿಜಯನಗರ ನೋಡಿದ ನಿಕೊಲೊ ಕೊಂಟಿ, ವೆನಿಸ್‌ನ ಲಗೂನಿನ ದಕ್ಷಿಣ ತುದಿಯ ಕ್ಯೊಜ್ಜಾದವನು. ಒಂದು ದಿನ ಅಲ್ಲಿಗೂ ಹೋಗಿ ಬಂದೆವು. ಮೀನು ಮಾರುವ ಊರು, ಪ್ರವಾಸಿಗರ ಸುಳಿವಿರಲಿಲ್ಲ.

ಚಳಿಗಾಲ ಪುಕ್ಕಟೆ ಏನಲ್ಲ. ಐದು ಗಂಟೆ ಸುಮಾರಿಗೇ ಸೂರ್ಯ ಮುಳುಗುತ್ತಾನೆ. ಮಂಜು ಕವಿದರೆ ಎದುರಿನ ಸೇತುವೆಯೂ ಕಾಣುವುದಿಲ್ಲ. ಕೆಲವು ಹೋಟೆಲುಗಳು ಬಾಗಿಲು ಹಾಕಿರುತ್ತವೆ. ಸಮುದ್ರ ಉಕ್ಕಿದರೆ ಸೇಂಟ್ ಮಾರ್ಕ್ಸ್ ಚೌಕದಲ್ಲಿ ನೀರು. 2020ರ ಅಕ್ಟೋಬರ್‌ನಿಂದ ‘ಮೋಸೆ’ ಎಂಬ ಉಕ್ಕಿನ ಗೇಟುಗಳು ದೊಡ್ಡ ಉಬ್ಬರವನ್ನು ತಡೆಯುತ್ತಿವೆ. ಸಣ್ಣದಕ್ಕೆ ಅವುಗಳನ್ನು ಎತ್ತುವುದಿಲ್ಲ. ಹಾಗೆ ಪಾದ ಮುಳುಗುವಷ್ಟು ನೀರಿನಲ್ಲಿ ಹಲಗೆಗಳ ಮೇಲೆ ಸಾಲಾಗಿ ನಡೆದೆವು. ಖಡಕ್ ರೊಟ್ಟಿ, ಶೇಂಗಾ ಹಿಂಡಿ ಕಟ್ಟಿಕೊಂಡು ಹೋಗಿದ್ದೆವಾದ್ದರಿಂದ ರಾತ್ರಿ ಊಟದ ಖರ್ಚು ಬಹುಪಾಲು ಉಳಿಯಿತು.

ಒಂದೇ ಒಂದು ಸಲ ಕೈ ಬಿಚ್ಚಿದ್ದು ಗೊಂಡೋಲಾಕ್ಕೆ. ಹಗಲಲ್ಲಿ ಅರ್ಧ ಗಂಟೆಗೆ 90 ಯೂರೊ, ಅದು ನಗರವೇ ಗೊತ್ತುಮಾಡಿದ ದರ. ಸೀಸನ್ ಇಲ್ಲದಿದ್ದರೂ ಇಳಿಯುವುದಿಲ್ಲ. ಯೂರೊಗೆ 89ರಂತೆ 8,010 ರೂಪಾಯಿ. ಆ ಹಂಗಾಮಿನ ತೊಗರಿಯ ಬೆಂಬಲ ಬೆಲೆ ಕ್ವಿಂಟಲ್‌ಗೆ 7,550. ದೋಣಿ ಇಳಿಯುವಾಗ ನನ್ನಾಕೆ ಅಂದಳು: “ನೋಡ್ರಿ, ಒಂದು ಕ್ವಿಂಟಲ್ ಮ್ಯಾಲ ಹೋಯ್ತು ನೀರಾಗ.” ಸುಖವಾಗಿಯೇ ಅಂದಳು. ಅದು ಕೈಯಲ್ಲಿದ್ದ ಕ್ವಿಂಟಲ್, ಬರುವ ವರ್ಷ ಬೆಳೆಯಬೇಕಾದದ್ದಲ್ಲ.

 

ಈಗ ತಮ್ಮನ ಮಾತಿಗೆ ಬರುತ್ತೇನೆ. “ಅಣ್ಣಾ, ನಿನಗ ರಾಶಿ ಮುಗಿದ ಮ್ಯಾಲ ಬಿಡುವು, ನನಗ ಪರೀಕ್ಷಾ ಮುಗಿದ ಮ್ಯಾಲ. ಜನವರಿದಾಗ ನನಗ ಯಾರು ರಜಾ ಕೊಡ್ತಾರ?” ಶಿಕ್ಷಕರಿಗೆ ಮೇ ಬಿಟ್ಟು ಗತಿಯಿಲ್ಲ, ಒಪ್ಪುತ್ತೇನೆ. ದುಬಾರಿ ತಿಂಗಳು ತಪ್ಪದಿದ್ದರೆ ದುಬಾರಿ ಸಾಲವನ್ನಾದರೂ ತಪ್ಪಿಸಬೇಕಲ್ಲ? ಅದೇ 38,000ವನ್ನು ಒಂದು ವರ್ಷ ಮುಂಚೆ 6.5%ರ ಆರ್‌ಡಿಗೆ ಕಟ್ಟಿದ್ದರೆ ಅದೇ ಸರಾಸರಿ 2,47,000ಕ್ಕೆ 16,000 ಚಿಲ್ಲರೆ ಬಡ್ಡಿ ಅವನಿಗೇ ಬರುತ್ತಿತ್ತು. ಕೊಡುವ 35,000 ತಪ್ಪಿ, 16,000 ಕೈಸೇರಿ, ಐವತ್ತೊಂದು ಸಾವಿರದ ವ್ಯತ್ಯಾಸ.

“ವರ್ಷ ತಡದ್ರ ಪ್ಯಾಕೇಜ್ ರೇಟೇ ಏರ್ತದಲ್ಲ?” ಏರುತ್ತದೆ. ನೂರಕ್ಕೆ ಎಂಟರಂತೆ ಏರಿದರೂ 36,480. ಆಗಲೂ ಹದಿನಾಲ್ಕು ಸಾವಿರ ಮಿಕ್ಕುತ್ತದೆ. ಈ ಲೆಕ್ಕವನ್ನು ಕ್ಯಾಲೆಂಡರಿನ ಹಿಂಬದಿಗೆ ಬರೆದು ತೋರಿಸಿದೆ. ತಾನೂ ಎರಡು ಸಲ ಕೂಡಿಸಿ ನೋಡಿದ. ಮರುತಿಂಗಳೇ ಆರ್‌ಡಿ ತೆರೆದ. ಮೇ ಮಾತ್ರ ಬಿಟ್ಟಿಲ್ಲ. ಈಗ ಸ್ವಿಟ್ಜರ್ಲೆಂಡ್ ಅನ್ನುತ್ತಿದ್ದಾನೆ.