ಚಿಗರಿ ಕರೆಯೋಕೆ ಅಸಲಿ ಕೋಡು ಒಳ್ಳೇದೋ, ಪ್ಲಾಸ್ಟಿಕ್ ಕೋಡೋ?

ಈ ವಾರ ಹೆಸರಿನ ಹಳದಿ ನಂಜು ರೋಗದ ಬಗ್ಗೆ ಬರೆಯಬೇಕು ಅಂತ ಕೂತಿದ್ದೆ. ಅಷ್ಟರಲ್ಲಿ ನಮ್ಮ ಕಾಕಾನ ಮಗ ಫೋನ್ ಹಿಡ್ಕೊಂಡು ಬಂದ. "ಅಣ್ಣಾ, ಈ ವಿಡಿಯೋ ನೋಡು" ಅಂದ. ಅಮೆರಿಕದ ಯಾವುದೋ ಕಾಡು. ಮರದ ಬುಡದಲ್ಲಿ ಕೂತ ಒಬ್ಬ ಮನುಷ್ಯ ಎರಡು ಕವಲುಕೊಂಬು ಹಿಡಿದು ಕಟಕಟ ಬಡಿಯುತ್ತಾನೆ. ಸ್ವಲ್ಪ ಹೊತ್ತಿಗೆ ದೊಡ್ಡ ಗಂಡು ಜಿಂಕೆಯೊಂದು ಹುಡುಕಿಕೊಂಡು ಬರುತ್ತದೆ.

"ಹಿಂಗ ಬಡಿದು ನಮ್ಮ ಹೊಲದಾಗಿನ ಚಿಗರಿ ಹಿಂಡನ್ನ ಗೈರಾಣ ಕಡೆ ಎಳಕೊಂಡು ಹೋದ್ರ ಹೆಂಗ? ಪ್ಲಾಸ್ಟಿಕ್ ಕೋಡು ಆನ್‌ಲೈನ್‌ನಾಗ ಸಿಗ್ತಾವ. ಆದ್ರ ಅಸಲಿದೇ ನನ್ನ ಹತ್ರ ಒಂದು ಅದ. ಯಾವುದು ಛಲೋ?"

ನಾನು ನಗಲಿಲ್ಲ. ಮುದನಾಳದಲ್ಲಿ ಅವನ ಎರಡು ಎಕರೆ ಹೆಸರು ಮೂರೆಲೆ ಬಿಟ್ಟಿತ್ತು, ಎರಡೇ ರಾತ್ರಿಯಲ್ಲಿ ಅರ್ಧ ಹೊಲ ಮೇಯ್ದು ಹೋಗಿವೆ. ಬೀಜ, ಗೊಬ್ಬರ, ಕೂರಿಗೆ ಬಾಡಿಗೆ ಎಲ್ಲಾ ಸಾಲದ ದುಡ್ಡು. ಆದರೆ "ಅಸಲಿದೇ ಒಂದು ಅದ" ಅಂದದ್ದು ಕೇಳಿ ನನ್ನ ಎದೆ ಧಸಕ್ ಅಂತು. ಚೀಲದಿಂದ ತೆಗೆದು ತೋರಿಸಿದ. ತಿರುಚಿಕೊಂಡ ಕರಿ ಕೋಡು, ಒಂದು ಮೊಳಕ್ಕಿಂತ ಉದ್ದ. ಹಿಂದಿನ ದಿನ ಸಂಜೆ ಹಳ್ಳದ ದಂಡೆಯಲ್ಲಿ ಸಿಕ್ಕಿದ್ದಂತೆ. ಫೋಟೋ ತೆಗೆದು ಗ್ರೂಪಿಗೆ ಬೇರೆ ಹಾಕಿದ್ದಾನೆ! ಯಾರೋ ಗುರುತಿಲ್ಲದವನು ಐದು ಸಾವಿರ ಕೊಡ್ತೀನಿ ಅಂದಿದ್ದಾನೆ.

ಕೋಡಿನ ವಿಷಯ ಆಮೇಲೆ ಹೇಳ್ತೀನಿ. ಮೊದಲು ಅವನು ಕೇಳಿದ ಪ್ರಶ್ನೆಗೇ ಉತ್ತರ.

ಆ ವಿಡಿಯೋದಲ್ಲಿರೋದು ಬಿಳಿಬಾಲದ ಜಿಂಕೆ. ಅಲ್ಲಿ ಬೆದೆಗಾಲ ಬರೋದು ಚಳಿ ಶುರುವಾಗುವಾಗ, ಹೆಚ್ಚಾಗಿ ನವೆಂಬರ್‌ ಸುಮಾರಿಗೆ. ಆಗ ಗಂಡು ಗಂಡು ಕೊಂಬಿಗೆ ಕೊಂಬು ಹಾಕಿ ಕಾದಾಡುತ್ತವೆ. ಆ ಸದ್ದು ಕೇಳಿದ ಮತ್ತೊಂದು ಗಂಡು, ಯಾರು ಗೆದ್ದರು, ಹೆಣ್ಣು ಎಲ್ಲಿದೆ ಅಂತ ನೋಡೋಕೆ ಬರುತ್ತದೆ. ಬೇಟೆಗಾರರು ಅದೇ ಸದ್ದನ್ನು ನಕಲು ಮಾಡುತ್ತಾರೆ. ಅಸಲಿ ಕೊಂಬಿನ ಸದ್ದು ಗಟ್ಟಿ ಅಂತ ಕೆಲವರ ವಾದ. ಆದರೆ ಅದು ವರ್ಷಗಟ್ಟಲೆ ಒಣಗಿ ಬಿಳಚಿಕೊಂಡರೆ ಸದ್ದು ಬೊಡ್ಡಾಗುತ್ತದೆ. ಪ್ಲಾಸ್ಟಿಕ್‌ದು ಒಣಗೋದಿಲ್ಲ, ಹಗುರ. ಬಣ್ಣವೂ ಎದ್ದು ಕಾಣುವಂಥದ್ದು ಸಿಗುವುದರಿಂದ ಇನ್ನೊಬ್ಬ ಬೇಟೆಗಾರ ಜಿಂಕೆಯೇ ಅಂತ ತಿಳಿದು ಗುಂಡು ಹಾರಿಸುವ ಭಯ ಕಡಿಮೆ. ಟೆಕ್ಸಾಸ್‌ನ ವೆಲ್ಡರ್ ವನ್ಯಜೀವಿ ಧಾಮದಲ್ಲಿ 1990ರ ದಶಕದಲ್ಲಿ ಇದನ್ನು ಪರೀಕ್ಷೆ ಮಾಡಿ ನೋಡಿದ್ದರು. ಮೆಲ್ಲಗೆ ಬಡಿದದ್ದಕ್ಕಿಂತ ಜೋರಾಗಿ ಬಡಿದಾಗ ಹೆಚ್ಚು ಗಂಡುಗಳು ಬಂದವು. ಅಂದರೆ ಕೊಂಬು ಯಾವುದು ಅನ್ನೋದರಷ್ಟೇ, ಎಷ್ಟು ಜೋರು ಬಡಿತೀರಿ ಅನ್ನೋದೂ ಲೆಕ್ಕಕ್ಕೆ ಬರುತ್ತದೆ. ಅಲ್ಲಿ ಲೈಸನ್ಸ್ ಕೊಟ್ಟು ಬೇಟೆ ಬಿಡುತ್ತಾರೆ, ಅದಕ್ಕೇ ಈ ಚರ್ಚೆ.

ಒಂದು ಮಾತು ಗಮನಿಸಿ. ಆ ಸದ್ದಿಗೆ ಬರೋದು ಗಂಡು ಮಾತ್ರ, ಅದೂ ಬೆದೆಗಾಲದಲ್ಲಿ. ನಮ್ಮ ಹೆಸರು ಮೇಯುವ ಹಿಂಡಿನಲ್ಲಿ ಹೆಚ್ಚಿರೋದು ಹೆಣ್ಣು, ಮರಿ. ಅವಕ್ಕೆ ಜಗಳದ ಸದ್ದು ಯಾಕೆ ಬೇಕು?

ಚಿಗರಿ ಜಿಂಕೆ ಜಾತಿಯದಲ್ಲ

ನಮ್ಮ ಯಾದಗಿರಿ, ಶಹಾಪುರ, ಸುರಪುರ ಕಡೆ ಎಲ್ಲದಕ್ಕೂ ಜಿಂಕೆ, ಚಿಗರಿ ಅಂತ ಒಂದೇ ಉಸಿರಿಗೆ ಅಂತೀವಿ. ಪುಸ್ತಕದಲ್ಲಿ ಚಿಗರಿಗೆ ಕೃಷ್ಣಮೃಗ ಅಂತಾರೆ. ಹುಬ್ಬಳ್ಳಿ-ಧಾರವಾಡದ ಬಸ್ಸಿಗೆ ಹೆಸರಿಟ್ಟದ್ದೂ ಇದರದ್ದೇ. ನಿಜವಾದ ಜಿಂಕೆ, ಅಂದರೆ ಚುಕ್ಕೆ ಜಿಂಕೆಗೆ, ಕವಲೊಡೆದ ಎಲುಬಿನ ಕೊಂಬು. ಅದು ವರ್ಷಕ್ಕೊಮ್ಮೆ ಉದುರಿ ಮತ್ತೆ ಬೆಳೆಯುತ್ತದೆ. ಚಿಗರಿ ಮಾತ್ರ ದನ, ಆಡು, ಕುರಿಯ ಕುಟುಂಬ. ಅದರದ್ದು ಕೋಡು. ಒಳಗೆ ಎಲುಬಿನ ಗೂಟ, ಮೇಲೆ ಉಗುರಿನಂಥ ಹೊದಿಕೆ. ನಿಮ್ಮ ಎತ್ತಿನ ಕೋಡು ವರ್ಷಾ ಉದುರುತ್ತದೇನು? ಇದೂ ಹಾಗೇ, ಬದುಕಿರುವ ತನಕ ಉದುರೋದಿಲ್ಲ.

ಚಿಗರಿಯ ಬೆದೆಯೂ ಬೇರೆ. ಗಂಡು ಬಯಲಿನಲ್ಲಿ ತನ್ನದೊಂದು ಜಾಗ ಹಿಡಿದು, ಒಂದೇ ಕಡೆ ಹಿಕ್ಕೆ ಹಾಕಿ ಗುಡ್ಡೆ ಮಾಡಿ, ಕಣ್ಣಿನ ಹತ್ತಿರದ ಗ್ರಂಥಿಯ ವಾಸನೆ ಒರೆಸಿ ಗುರುತು ಮಾಡುತ್ತದೆ. ಜೊತೆಗೆ ಇವು ನಂಬೋದು ಕಣ್ಣನ್ನು. ಬಯಲಿನಲ್ಲಿ ಮನುಷ್ಯನನ್ನು ದೂರದಿಂದಲೇ ನೋಡುತ್ತವೆ. ಒಂದು ಜಿಗಿದರೆ ಹಿಂಡೆಲ್ಲ ಜಿಗಿದು ಓಟ. ಬದುವಿನ ಮೇಲೆ ಕೂತು ಪ್ಲಾಸ್ಟಿಕ್ ಬಡಿದರೆ ಎರಡು ದಿನ ಹೊಸ ಸದ್ದು ಅಂತ ಬೆದರಬಹುದು. ಮೂರನೇ ದಿನ ಅದಕ್ಕೂ ಒಗ್ಗಿಕೊಂಡು ಮೇಯುತ್ತವೆ. ಹಿಂದೆ ಬಂದು ಗೈರಾಣ ಸೇರೋದಂತೂ ಕನಸು.

ಆ ಚೀಲದಲ್ಲಿದ್ದ ಕೋಡು

ಚಿಗರಿ ಕೋಡು ಉದುರೋದಿಲ್ಲ ಅಂದಮೇಲೆ ಲೆಕ್ಕ ಸರಳ. ಕೋಡು ಸಿಕ್ಕಿತು ಅಂದರೆ ಅಲ್ಲೆಲ್ಲೋ ಒಂದು ಚಿಗರಿ ಸತ್ತಿದೆ. ನಾಯಿ ಹಿಡಿದಿರಬಹುದು, ಉರುಳು ಹಾಕಿರಬಹುದು, ತಂತಿಗೆ ಕರೆಂಟ್ ಬಿಟ್ಟಿರಬಹುದು. ಕೋಡು ನಿಮ್ಮ ಕೈಯಲ್ಲಿದ್ದರೆ ಮೊದಲ ಪ್ರಶ್ನೆ ನಿಮಗೇ ಬರುತ್ತದೆ.

1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯಲ್ಲಿ ಕೃಷ್ಣಮೃಗ ಮೊದಲನೇ ಪಟ್ಟಿಯಲ್ಲಿದೆ, ಹುಲಿ ಇರುವ ಪಟ್ಟಿಯಲ್ಲೇ. ಬೇಟೆ, ಮಾರಾಟ, ಇಟ್ಟುಕೊಳ್ಳೋದು ಎಲ್ಲಾ ಅಪರಾಧ. ತಪ್ಪು ಸಾಬೀತಾದರೆ ಕನಿಷ್ಠ 3 ವರ್ಷ, ಗರಿಷ್ಠ 7 ವರ್ಷ ಜೈಲು. 2022ರ ತಿದ್ದುಪಡಿಯ ನಂತರ ದಂಡ ಕನಿಷ್ಠ 25,000 ರೂಪಾಯಿ. ಬಡಿದು ಕರೆದು ಬಲೆಗೆ ಬೀಳಿಸಲು ನೋಡಿದರೆ ಅದೂ ಬೇಟೆಯ ಯತ್ನವೇ, ಕೋಡು ಪ್ಲಾಸ್ಟಿಕ್ ಆಗಿದ್ದರೂ ಅಷ್ಟೇ.

ಬಿದ್ದದ್ದು ಎತ್ತಿಕೊಂಡೆ, ಕೊಂದಿಲ್ಲ ಅನ್ನಬಹುದು. ಕಾಯ್ದೆಯ 39ನೇ ಕಲಂ ಪ್ರಕಾರ ಅಂಥ ಕೋಡು ಸರ್ಕಾರದ ಆಸ್ತಿ. ಕೈಗೆ ಬಂದ 48 ಗಂಟೆಯೊಳಗೆ ಹತ್ತಿರದ ಪೊಲೀಸ್ ಠಾಣೆಗೆ ಇಲ್ಲವೇ ಅರಣ್ಯ ಅಧಿಕಾರಿಗೆ ತಿಳಿಸಬೇಕು. 2023ರ ಅಕ್ಟೋಬರ್‌ನಲ್ಲಿ ಬಿಗ್ ಬಾಸ್ ಮನೆಯ ಸ್ಪರ್ಧಿಯೊಬ್ಬರನ್ನು ಹುಲಿ ಉಗುರಿನ ಲಾಕೆಟ್ಟಿಗಾಗಿ ಅರಣ್ಯ ಇಲಾಖೆ ಬಂಧಿಸಿದ್ದು ನಿಮಗೆ ನೆನಪಿರಬೇಕು. ಆಮೇಲೆ ಹಲವು ದೊಡ್ಡವರು ನಮ್ಮದು ನಕಲಿ ಅಂದರು. ಇಲಾಖೆ ಬಾಯಿಮಾತು ನಂಬದೆ ಪರೀಕ್ಷೆಗೆ ಕಳಿಸಿತು.

ತಮ್ಮನ ಮುಖ ಬಾಡಿತು. "ಹಳ್ಳಕ್ಕ ಒಗದು ಬರ್ತೀನಿ ಅಣ್ಣಾ" ಅಂದ. ಬೇಡ ಅಂದೆ. ಫೋಟೋ ಆಗಲೇ ನೂರು ಮಂದಿಯ ಫೋನಿನಲ್ಲಿದೆ, ಒಗೆದರೆ ಸಾಕ್ಷಿ ನಾಶ ಮಾಡಿದ ಅನುಮಾನ ಬೇರೆ. ಕೊಳ್ಳೋಕೆ ಬಂದವನಿಗೆ ಉತ್ತರವನ್ನೇ ಕೊಡಬೇಡ, ಅವನ ಮೆಸೇಜ್ ಅಳಿಸಲೂ ಬೇಡ ಅಂತ ಹೇಳಿ, ಅವತ್ತೇ ಗಾಡಿ ಹತ್ತಿಸಿಕೊಂಡು ವಲಯ ಅರಣ್ಯ ಕಚೇರಿಗೆ ಹೋದೆ. ಸಿಕ್ಕ ಜಾಗ, ದಿನ, ಹೊತ್ತು ಬರೆದುಕೊಟ್ಟೆವು. ಆ ಕಾಗದದ ಒಂದು ಪ್ರತಿಗೆ ಸಹಿ, ಮೊಹರು ಹಾಕಿಸಿ ಇಟ್ಟುಕೊಂಡೆವು. ಇದನ್ನು ಮರೆಯಬೇಡಿ. ಮರುದಿನ ಸಿಬ್ಬಂದಿ ಬಂದು ಹಳ್ಳದ ದಂಡೆ ನೋಡಿದರು. ಜಾಲಿ ಮರೆಯಲ್ಲಿ ಎಲುಬು, ಚರ್ಮದ ತುಂಡು, ಸುತ್ತ ನಾಯಿ ಹೆಜ್ಜೆ. ಪಂಚನಾಮೆ ಆಯಿತು. ಹುಡುಗನ ಮೇಲೆ ಕೇಸ್ ಆಗಲಿಲ್ಲ. ತಡ ಮಾಡಿದ್ದರೆ, ಇಲ್ಲಾ ಆ ಐದು ಸಾವಿರಕ್ಕೆ ಆಸೆ ಪಟ್ಟಿದ್ದರೆ, ಕಥೆ ಬೇರೆ ಇರುತ್ತಿತ್ತು.

ಹಂಗಾದ್ರ ಹೊಲ ಉಳಿಸೋದು ಹೆಂಗ?

ಅವನ ಹೊಲವೇ ಯಾಕೆ ಹೋಯಿತು ಅಂತ ಸುತ್ತ ನೋಡಿದೆ. ಅಕ್ಕಪಕ್ಕದವರಿಗಿಂತ ಹತ್ತು ದಿನ ಮೊದಲೇ ಬಿತ್ತಿದ್ದ. ಸುತ್ತೆಲ್ಲ ಕರಿ ನೆಲ, ನಡುವೆ ಇವನದೊಂದೇ ಹಸಿರು. ಹಿಂಡು ಇನ್ನೆಲ್ಲಿಗೆ ಹೋದೀತು? ಮಳೆ ಹದ ನೋಡಿ ನೆರೆಯವರ ಜೊತೆಗೇ ಬಿತ್ತಿದರೆ ಹಾನಿ ಹತ್ತು ಹೊಲಕ್ಕೆ ಹಂಚಿ ಹೋಗುತ್ತದೆ, ರಾತ್ರಿ ಕಾವಲಿಗೂ ಪಾಳಿ ಹಚ್ಚಬಹುದು. ಮೊದಲ ಮೂವತ್ತು ದಿನವೇ ಗಂಡಾಂತರ. ಅದರಲ್ಲೂ ಬೆಳಗಿನ ಜಾವ ಮತ್ತು ಸಂಜೆ ಇಳಿಹೊತ್ತು.

ನಾನು ಮಾಡೋದು ಇಷ್ಟು. ಬದುವಿನ ಸುತ್ತ ಹಳೇ ಸೀರೆ ಕಟ್ಟುತ್ತೇನೆ, ವಾರಕ್ಕೊಮ್ಮೆ ಜಾಗ ಬದಲಿಸುತ್ತೇನೆ. ಲೀಟರ್ ನೀರಿಗೆ 20 ಮಿಲಿ ಕಲಕಿದ ಕೋಳಿಮೊಟ್ಟೆ ಬೆರೆಸಿ ಅಂಚಿನ ಸಾಲುಗಳಿಗೆ ಮಾತ್ರ ಸಿಂಪಡಿಸುತ್ತೇನೆ. ಮಳೆ ಬಂದರೆ ಮತ್ತೆ ಹೊಡೆಯಬೇಕು, ವಾಸನೆ ತೊಳೆದು ಹೋಗುತ್ತದೆ. ಹಿಂಗಾರಿ ಜೋಳಕ್ಕಾದರೆ ಹಿರಿಯರು ಮಾಡುತ್ತಿದ್ದಂತೆ ಸುತ್ತ ಕುಸುಬಿ ಸಾಲು. ಆದರೆ ಕುಸುಬಿಗೆ ಮುಳ್ಳು ಬರೋದು ಬಲಿತ ಮೇಲೆ. ಎಳೆಯದಿದ್ದಾಗ ನಾವೇ ಪಲ್ಯ ಮಾಡಿ ತಿಂತೀವಿ, ಚಿಗರಿ ಬಿಡ್ತದೇನು? ಹಾಗಾಗಿ ಮೊದಲ ತಿಂಗಳ ಕಾವಲು ತಪ್ಪೋದಿಲ್ಲ.

ಸೋಲಾರ್ ಬೇಲಿ ಹಾಕುವವರು ಬಿಟ್ಟು ಬಿಟ್ಟು ಮಿಡಿಯುವ ಯಂತ್ರದಿಂದಲೇ ಹಾಕಿ. ಕಂಬದಿಂದ ತಂತಿಗೆ ನೇರ ಕರೆಂಟ್ ಕೊಟ್ಟರೆ ಚಿಗರಿಗಿಂತ ಮೊದಲು ನೀರು ತಿರುವೋಕೆ ಹೋದ ಮನೆಯವರೇ ಸಾಯೋದು.

ಬೆಳೆ ಹೋದರೆ ಮರುಬಿತ್ತನೆಗೆ ಮೊದಲೇ, ತಾರೀಖು ಮತ್ತು ಜಾಗ ಮೂಡುವ ಕ್ಯಾಮೆರಾದಲ್ಲಿ ಹೆಜ್ಜೆ, ಹಿಕ್ಕೆ, ಮೇಯ್ದ ಗಿಡದ ಫೋಟೋ ತೆಗೆಯಿರಿ. ಪಹಣಿ, ಆಧಾರ್, ಪಾಸ್‌ಬುಕ್ ತೆಗೆದುಕೊಂಡು ವಲಯ ಅರಣ್ಯ ಕಚೇರಿಗೆ ಹೋಗಿ, ನಿಮ್ಮ ಬೆಳೆಗೆ ಪರಿಹಾರ ಎಷ್ಟು ಅಂತ ಅಲ್ಲೇ ಕೇಳಿ ಅರ್ಜಿ ಕೊಡಿ. ಅರಣ್ಯ ಇಲಾಖೆಯ ಸಹಾಯವಾಣಿ 1926. ಮರುಬಿತ್ತನೆಗೆ ಯಾವ ಬೆಳೆ ಅನ್ನೋದಕ್ಕೆ ಕವಡಿಮಟ್ಟಿ ಕೃಷಿ ವಿಜ್ಞಾನ ಕೇಂದ್ರ ಅಥವಾ ಭೀಮರಾಯನಗುಡಿ ಕೃಷಿ ಕಾಲೇಜಿನಲ್ಲಿ ವಿಚಾರಿಸಬಹುದು. ನಮ್ಮ ತಮ್ಮ ಹಾಳಾದ ಭಾಗಕ್ಕೆ ತೊಗರಿ ಹಾಕುತ್ತಿದ್ದಾನೆ, ಈ ಸಲ ನೆರೆಯವರ ಜೊತೆಗೇ.

ಹಳದಿ ನಂಜು ರೋಗ ಮುಂದಿನ ವಾರ.