ಮಗಳನ್ನು ಕಡಲಿಗೆ ಕಳಿಸಲೋ ಬೇಡವೋ?

ಪ್ರಶ್ನೆ: ನಾವು ಹುಮನಾಬಾದಿನವರು. ಮಗಳು ಬಸವಕಲ್ಯಾಣದ ಶಾಲೆಯಲ್ಲಿ ಒಂಬತ್ತನೇ ತರಗತಿ ಓದುತ್ತಿದ್ದಾಳೆ. ಸಮುದ್ರ ವಿಜ್ಞಾನ ಕಲಿಸಲು ಕಾರವಾರಕ್ಕೆ ಕರೆದೊಯ್ಯುತ್ತಾರಂತೆ, ದೋಣಿಯಲ್ಲೂ ಕೂರಿಸುತ್ತಾರಂತೆ. ಇವಳು ಕೆರೆಗೂ ಇಳಿದವಳಲ್ಲ. ಮುರುಡೇಶ್ವರದ ಸುದ್ದಿ ಓದಿದ ಮೇಲೆ ನನಗೆ ಎದೆ ಝಲ್ಲೆನ್ನುತ್ತದೆ. ಬೇಡ ಎಂದದ್ದಕ್ಕೆ ಮಾತು ಬಿಟ್ಟಿದ್ದಾಳೆ.
– ಒಬ್ಬ ತಾಯಿ

ಉತ್ತರ: ಅಕ್ಕ, ನಿಮ್ಮ ಹೆದರಿಕೆ ಸುಮ್ಮನೆ ಬಂದದ್ದಲ್ಲ. 2024ರ ಡಿಸೆಂಬರ್‌ನಲ್ಲಿ ಮುಳಬಾಗಿಲು ಕಡೆಯಿಂದ ಶಾಲಾ ಪ್ರವಾಸಕ್ಕೆ ಬಂದಿದ್ದ ನಾಲ್ವರು ಹುಡುಗಿಯರು ಮುರುಡೇಶ್ವರದಲ್ಲಿ ನೀರುಪಾಲಾದರು. ಆ ಮಕ್ಕಳು ನೀರಿಗಿಳಿದದ್ದು ಆಟಕ್ಕೆ. ಆದ್ದರಿಂದ ಮೇಷ್ಟ್ರನ್ನು ಕೇಳಿ: ಅಲ್ಲಿ ಮಕ್ಕಳು ಕೈಯಾರೆ ಏನು ಮಾಡುತ್ತಾರೆ? ‘ಸಮುದ್ರ ತೋರಿಸಿ ಒಂದು ತಾಸು ಆಡಲು ಬಿಡುತ್ತೇವೆ’ ಎಂದರೆ ಕಳಿಸಬೇಡಿ. ಅದಕ್ಕೆ ವಿಜ್ಞಾನದ ಹೆಸರು ಬೇರೆ ಕೇಡು!

ಊರು ಮಾತ್ರ ಸರಿಯಾಗಿಯೇ ಆರಿಸಿದ್ದಾರೆ. ಕಾರವಾರದ ಕೋಡಿಬಾಗದಲ್ಲಿ ಕಾಳಿ ನದಿ ಸಮುದ್ರ ಸೇರುತ್ತದೆ. ಇಳಿತದ ಹೊತ್ತಿಗೆ ಅಳಿವೆಯಿಂದ ಒಂದು ಲೀಟರ್, ನದಿಯಿಂದ ದೂರದ ತೀರದಲ್ಲಿ ಒಂದು ಲೀಟರ್ ನೀರು ತುಂಬಿಕೊಂಡು, ಸ್ಟೀಲ್ ಪಾತ್ರೆಯಲ್ಲಿ ಬೇರೆಬೇರೆಯಾಗಿ ಕುದಿಸಿ ಇಂಗಿಸಲಿ. ತೆರೆದ ಸಮುದ್ರದ ಲೀಟರಿನಲ್ಲಿ ಸುಮಾರು 35 ಗ್ರಾಂ ಉಪ್ಪಿರುತ್ತದೆ, ಅಳಿವೆಯದು ಕಡಿಮೆ ತೂಗುತ್ತದೆ. ಏಕೆಂದು ಹುಡುಗಿಯೇ ಹೇಳಿಯಾಳು. ಜೆಟ್ಟಿಯ ಕಂಬದ ಮೇಲೆ ತಾಸಿಗೊಮ್ಮೆ ನೀರಿನ ಮಟ್ಟ ಗುರುತು ಹಾಕಿದರೆ, ಇಂದಿನ ಉಬ್ಬರ ನಾಳೆ ಸುಮಾರು 50 ನಿಮಿಷ ತಡವಾಗಿ ಬರುವುದು ಕಾಣುತ್ತದೆ. ಚಂದ್ರನ ಪಾಠ ಅಲ್ಲೇ ಆಯಿತು. ಇದಕ್ಕೆಲ್ಲ ಮೊಣಕಾಲಿನ ಮೇಲೆ ನೀರು ಬರಬೇಕಾಗಿಲ್ಲ.

ದೋಣಿ ಹತ್ತುವ ಮುಂಚೆಯೇ ಪ್ರತಿ ಮಗುವಿಗೂ ಅಳತೆಗೆ ಸರಿಯಾದ ಲೈಫ್ ಜಾಕೆಟ್ ಬಿಗಿದಿರಬೇಕು. ಇನ್ನೊಂದು ಮಾತನ್ನು ಮಗಳಿಗೆ ನೀವೇ ಹೇಳಿ. ನಮ್ಮ ಕಡೆಯವರಿಗೆ ಶಾಂತ ನೀರು ಕಂಡರೆ ಧೈರ್ಯ. ಕಡಲಲ್ಲಿ ಎರಡು ಕಡೆ ಅಲೆ ಒಡೆಯುತ್ತಿದ್ದು ನಡುವೆ ಒಂದು ಪಟ್ಟಿ ಮಾತ್ರ ಸುಮ್ಮನಿದ್ದರೆ, ದಡಕ್ಕೆ ಬಂದ ನೀರು ಬಹುಶಃ ಅಲ್ಲಿಂದಲೇ ವಾಪಸ್ ಹೋಗುತ್ತಿರುತ್ತದೆ. ಅದು ಈಜು ಬಲ್ಲವರನ್ನೂ ಎಳೆದೊಯ್ಯುತ್ತದೆ.

ಕಾರವಾರ ದೂರವಾಯಿತು ಎನಿಸಿದರೆ, ನಿಮ್ಮೂರಿನ ಮೇಲೆ ಹಾಯುವ ಹೆದ್ದಾರಿ ಹಿಡಿದು ಹೈದರಾಬಾದಿಗೆ ಹೋಗಬಹುದೆಂದು ಶಾಲೆಗೆ ತಿಳಿಸಿ. ಭಾರತದ ಸುನಾಮಿ ಮುನ್ನೆಚ್ಚರಿಕೆ ಕೇಂದ್ರ ಕಡಲತೀರದ ಊರಿನಲ್ಲಿಲ್ಲ. 2007ರಿಂದ ಹೈದರಾಬಾದಿನ ‘ಇನ್‌ಕಾಯಿಸ್’ ಸಂಸ್ಥೆಯಲ್ಲಿದೆ. ಉಪಗ್ರಹ ಕೊಡುವ ನೀರಿನ ಬಿಸಿ, ಬಣ್ಣ ನೋಡಿ ಮೀನು ಎಲ್ಲಿ ಸಿಗಬಹುದೆಂದು ಬೆಸ್ತರಿಗೆ ತಿಳಿಸುವವರೂ ಅವರೇ. ಮೊದಲೇ ಪತ್ರ ಬರೆದು ಅನುಮತಿ ಕೇಳಲಿ.

ಮಗಳ ಜೊತೆ ಇವತ್ತೇ ಮಾತಾಡಿ. ‘ಬೇಡ’ ಎಂಬುದನ್ನು ಸದ್ಯಕ್ಕೆ ಹಿಂತೆಗೆದುಕೊಂಡು, ದಿನದಿನದ ಕೆಲಸದ ಪಟ್ಟಿ, ಜೊತೆಗೆ ಬರುವ ಶಿಕ್ಷಕರ ಸಂಖ್ಯೆ, ದೋಣಿಯ ವಿವರ ಬರೆಸಿ ತರಲು ಅವಳಿಗೇ ಹೇಳಿ. ಪಟ್ಟಿ ಸರಿ ಇದ್ದರೆ ಸಹಿ ಹಾಕಿ. ಶಾಲೆ ಪಟ್ಟಿಯನ್ನೇ ಕೊಡದಿದ್ದರೆ, ನೀವು ಏಕೆ ಒಪ್ಪಲಿಲ್ಲವೆಂದು ಅವಳಿಗೆ ಬೇರೆ ವಿವರಿಸಬೇಕಾಗಿಲ್ಲ.