ಮಗುವಿಗೆ ಕಾರ್ಡು ನಡೆಯುವ ಆಸ್ಪತ್ರೆ ಯಾವುದು?



ನಮ್ಮ ಸಂಘಗಳಿಗೆ ಹಾಲು ಹಾಕುವ ಹಲವರ ಮನೆಯಲ್ಲಿ ಇಂದು ಒಂದಲ್ಲ ಒಂದು ಆರೋಗ್ಯ ಕಾರ್ಡು ಇದೆ. ಕೆಲವರದು ಸಂಘದ ಮೂಲಕ ಮಾಡಿಸಿದ ಯಶಸ್ವಿನಿ ಕಾರ್ಡು. ಕೆಲವರದು ಪಡಿತರ ಚೀಟಿಯ ಆಧಾರದ ಮೇಲೆ ದೊರೆತ ಆಯುಷ್ಮಾನ್ ಭಾರತ್–ಆರೋಗ್ಯ ಕರ್ನಾಟಕ ಕಾರ್ಡು. ಕಾರ್ಡನ್ನು ಟ್ರಂಕಿನಲ್ಲಿ ಭದ್ರವಾಗಿ ಇಟ್ಟಿರುತ್ತೇವೆ. ಅದು ಯಾವ ಆಸ್ಪತ್ರೆಯಲ್ಲಿ, ಯಾವ ಕಾಯಿಲೆಗೆ ನಡೆಯುತ್ತದೆ ಎಂದು ಕೇಳುವುದು ಮಾತ್ರ ಆಸ್ಪತ್ರೆಯ ಬಾಗಿಲಲ್ಲಿ ನಿಂತ ಮೇಲೆ. ದೊಡ್ಡವರ ಹರ್ನಿಯಾ ಶಸ್ತ್ರಚಿಕಿತ್ಸೆ ಒಂದು ವಾರ ತಡವಾದರೆ ಸಾಮಾನ್ಯವಾಗಿ ನಡೆದೀತು. ಆಗತಾನೆ ಹುಟ್ಟಿದ ಮಗುವಿಗೆ ಒಂದು ಗಂಟೆಯೂ ದೊಡ್ಡದು. ಆದ್ದರಿಂದ ಈ ಸಲದ ಪಾಠಕ್ಕೆ ಮಕ್ಕಳ ಚಿಕಿತ್ಸೆಯ ವಿಷಯವನ್ನೇ ಆರಿಸಿಕೊಂಡಿದ್ದೇವೆ.

ಒಂದು ಉದಾಹರಣೆ ನೋಡೋಣ. ಸದಸ್ಯರೊಬ್ಬರ ಸೊಸೆಗೆ ದಿನ ತುಂಬುವ ಮೊದಲೇ, ಏಳೂವರೆ ತಿಂಗಳಿಗೆ ಹೆರಿಗೆಯಾಯಿತು ಎನ್ನಿ. ಮಗುವಿನ ತೂಕ 1.6 ಕಿಲೋ. ತಾಲ್ಲೂಕು ಕೇಂದ್ರದ ನರ್ಸಿಂಗ್ ಹೋಮಿನವರು "ಇಲ್ಲಿ ಇಟ್ಟುಕೊಳ್ಳಲು ಆಗುವುದಿಲ್ಲ, ದೊಡ್ಡ ಕಡೆ ಒಯ್ಯಿರಿ" ಎನ್ನುತ್ತಾರೆ. ಮನೆಯವರು ಯೋಜನೆಯ ಬೋರ್ಡು ಇರುವ ದೊಡ್ಡ ಆಸ್ಪತ್ರೆಯೊಂದಕ್ಕೆ ಓಡುತ್ತಾರೆ. ಅಲ್ಲಿ ಸಿಗುವ ಉತ್ತರ: "ನಮ್ಮ ನೋಂದಣಿ ಮೂಳೆ ಮತ್ತು ಸಾಮಾನ್ಯ ಶಸ್ತ್ರಚಿಕಿತ್ಸೆಗೆ ಮಾತ್ರ. ಹಸುಗೂಸಿಗೆ ಇಲ್ಲ." ಬೋರ್ಡು ಸುಳ್ಳಲ್ಲ, ಆಸ್ಪತ್ರೆಯವರು ಹೇಳಿದ್ದೂ ಸುಳ್ಳಲ್ಲ. ಆದರೆ ರಾತ್ರಿ ಹನ್ನೊಂದಾಗಿದೆ, ಮಗುವಿನ ಕೈಕಾಲು ತಣ್ಣಗಾಗುತ್ತಿದೆ.

ಇಲ್ಲಿ ತಿಳಿಯಬೇಕಾದದ್ದು ಇಷ್ಟು. ಆಯುಷ್ಮಾನ್ ಯೋಜನೆಯಲ್ಲಿ ಆಸ್ಪತ್ರೆಗಳನ್ನು ಸೇರಿಸಿಕೊಳ್ಳುವುದು ವಿಭಾಗವಾರು. ಒಂದು ಆಸ್ಪತ್ರೆ ಪಟ್ಟಿಯಲ್ಲಿದ್ದ ಮಾತ್ರಕ್ಕೆ ಎಲ್ಲ ಚಿಕಿತ್ಸೆಗೂ ಪಟ್ಟಿಯಲ್ಲಿದೆ ಎಂದಲ್ಲ. ಎಲ್ಲ ಸಂಘಗಳಲ್ಲೂ ಹಾಲು ಅಳೆಯುತ್ತಾರೆ, ಆದರೆ ಎಲ್ಲ ಸಂಘಗಳಲ್ಲೂ ಬಿ.ಎಂ.ಸಿ. ಇರುವುದಿಲ್ಲವಷ್ಟೆ? ಹಾಗೆಯೇ ಇದು. ಸಾಮಾನ್ಯ ನೋಂದಣಿಗೆ ಕನಿಷ್ಠ 10 ಹಾಸಿಗೆ, ದಿನದ 24 ಗಂಟೆಯೂ ವೈದ್ಯರು ಮತ್ತು ದಾದಿಯರು ಇರಬೇಕೆಂಬ ನಿಯಮವಿದೆ. ಮಕ್ಕಳ ಶಸ್ತ್ರಚಿಕಿತ್ಸೆಯ ವಿಭಾಗಕ್ಕೆ ಬಂದರೆ ಇದು ಸಾಲದು. ಮಕ್ಕಳ ಶಸ್ತ್ರಚಿಕಿತ್ಸಾ ತಜ್ಞರು ಪೂರ್ಣಾವಧಿಗೆ ಇರಬೇಕು, ಇಲ್ಲವೇ ಕರೆದಾಗ ಬರುವಂತಿರಬೇಕು. ತೀವ್ರ ನಿಗಾ ಘಟಕದ ಬೆಂಬಲ ಬೇಕು. ಶಸ್ತ್ರಚಿಕಿತ್ಸೆಯ ನಂತರ ಮಲಗಿಸುವ ವಾರ್ಡಿನಲ್ಲಿ ವೆಂಟಿಲೇಟರ್ ಮತ್ತು ಮಕ್ಕಳಿಗೆ ಉಸಿರು ಮರಳಿಸುವ ಸಲಕರಣೆ ಬೇಕು.

ಇಷ್ಟೆಲ್ಲ ಏಕೆ ಎಂದು ಕೇಳಬಹುದು. ಮಗು ಎಂದರೆ ಚಿಕ್ಕ ಅಳತೆಯ ದೊಡ್ಡ ಮನುಷ್ಯನಲ್ಲ. 1.6 ಕಿಲೋ ಮಗುವಿಗೆ ತೂಕಕ್ಕೆ ಹೋಲಿಸಿದರೆ ಚರ್ಮದ ಹರವು ಹೆಚ್ಚು, ಚರ್ಮದಡಿಯ ಕೊಬ್ಬು ಕಡಿಮೆ. ನಾವು ಸೆಕೆ ಎನ್ನುವ ಕೋಣೆಯಲ್ಲೂ ಅದರ ಮೈ ಬಿಸಿ ಇಳಿದುಹೋಗುತ್ತದೆ. ಅದಕ್ಕೇ ವಾರ್ಮರ್ ಎಂಬ ಬೆಚ್ಚಗಿಡುವ ಯಂತ್ರ. "ಮಗೂನ ಪೆಟ್ಟಿಗೆಯಲ್ಲಿ ಇಟ್ಟಿದ್ದಾರೆ" ಎಂದು ನಮ್ಮ ಹೆಂಗಸರು ಹೇಳುವುದು ಇಂಥ ಯಂತ್ರಗಳನ್ನೇ. ಔಷಧವನ್ನು ತೂಕ ನೋಡಿ ಲೆಕ್ಕ ಹಾಕಬೇಕು. ಗ್ಲೂಕೋಸ್ ನೀರು ಗಂಟೆಗೆ ಕೆಲವೇ ಮಿಲಿಲೀಟರ್ ಹೋಗಬೇಕಾದ್ದರಿಂದ ಅದಕ್ಕೊಂದು ಪಂಪು ಬೇಕು. ಕಾಮಾಲೆ ಏರಿದರೆ ನೀಲಿ ಬೆಳಕಿನ ದೀಪ ಬೇಕು. ಆಮ್ಲಜನಕ ಕಡಿಮೆಯಾದರೆ ಪ್ರಾಣಕ್ಕೆ ಅಪಾಯ, ಹೆಚ್ಚಾದರೆ ಎಳೆಯ ಕಣ್ಣಿಗೆ ಅಪಾಯ. ಆದ್ದರಿಂದ ಅಳತೆಯ ಯಂತ್ರ ಸದಾ ಕಾಲಿಗೆ ಅಂಟಿಕೊಂಡೇ ಇರಬೇಕು. ಯಂತ್ರ ಕೊಂಡು ತಂದರೆ ಬಂದೀತು, ರಾತ್ರಿಯಿಡೀ ಅದನ್ನು ನೋಡುತ್ತಾ ಕೂರಬಲ್ಲ ತರಬೇತಿ ಪಡೆದ ದಾದಿ ಸಿಗುವುದೇ ಕಷ್ಟ. ನಮ್ಮ ದೃಷ್ಟಿಯಲ್ಲಿ ಆಸ್ಪತ್ರೆಯ ಕಟ್ಟಡಕ್ಕಿಂತ ಮೊದಲು ವಿಚಾರಿಸಬೇಕಾದದ್ದು ಇದನ್ನು.

ನವಜಾತ ಶಿಶುವಿನ ಆರೈಕೆಯನ್ನು ಯೋಜನೆಯಲ್ಲಿ ಮಟ್ಟಗಳಾಗಿ ವಿಂಗಡಿಸಿದ್ದಾರೆ. ತಾಯಿಯ ಪಕ್ಕದಲ್ಲೇ ಇಟ್ಟು ನೋಡಬಹುದಾದ ಮಗುವಿನದು ಮೊದಲ ಮಟ್ಟ. ವಿಶೇಷ ಆರೈಕೆ, ತೀವ್ರ ನಿಗಾ, ವೆಂಟಿಲೇಟರ್ ಬೇಕಾಗುವ ಸ್ಥಿತಿ, ಹೀಗೆ ಮೇಲಕ್ಕೆ ಹೋಗುತ್ತದೆ. ಆದ್ದರಿಂದ "ಮಕ್ಕಳ ಡಾಕ್ಟರು ಇದ್ದಾರೆಯೇ?" ಎಂಬ ಪ್ರಶ್ನೆ ಸಾಲದು. "ನವಜಾತ ಶಿಶುವಿನ ತೀವ್ರ ನಿಗಾ ಘಟಕಕ್ಕೆ ಕಾರ್ಡು ನಡೆಯುತ್ತದೆಯೇ? ಈಗ ಹಾಸಿಗೆ ಖಾಲಿ ಇದೆಯೇ?" ಎಂದು ಕೇಳಬೇಕು. ಆಸ್ಪತ್ರೆಯಲ್ಲಿ ಆರೋಗ್ಯ ಮಿತ್ರ ಎಂಬ ಸಿಬ್ಬಂದಿ ಇರುತ್ತಾರೆ, ಅವರನ್ನು ಕಾಣಿರಿ. ಮನೆಯಿಂದಲೇ ವಿಚಾರಿಸಲು ಆಯುಷ್ಮಾನ್ ಯೋಜನೆಯ ಉಚಿತ ದೂರವಾಣಿ 14555.

ಇನ್ನು ಶಿಫಾರಸು ಪತ್ರದ ಮಾತು. ಆರೋಗ್ಯ ಕರ್ನಾಟಕ 2018ರಲ್ಲಿ ಜಾರಿಗೆ ಬಂದಾಗ 1,650 ಚಿಕಿತ್ಸೆಗಳನ್ನು ಪಟ್ಟಿ ಮಾಡಿದರು. ಅವುಗಳಲ್ಲಿ 169 ತುರ್ತು ಚಿಕಿತ್ಸೆಗಳಿಗೆ ನೇರವಾಗಿ ಖಾಸಗಿ ನೋಂದಾಯಿತ ಆಸ್ಪತ್ರೆಗೆ ಹೋಗಬಹುದು. ಉಳಿದವುಗಳಿಗೆ ಮೊದಲು ಸರ್ಕಾರಿ ಆಸ್ಪತ್ರೆಗೆ ಹೋಗಬೇಕು, ಅಲ್ಲಿ ಸೌಲಭ್ಯವಿಲ್ಲದಿದ್ದರೆ ಅವರೇ ಪತ್ರ ಕೊಟ್ಟು ಕಳುಹಿಸುತ್ತಾರೆ. ಪತ್ರ ತರದೆ ಹೋಗಿ ಕೈಯಿಂದ ಹಣ ಕಟ್ಟಿದ ಮೇಲೆ ವಾಪಸು ಕೇಳುವುದು ಕಷ್ಟದ ದಾರಿ. ಹುಟ್ಟಿದ ಮಗುವಿನ ಹೆಸರು ಕಾರ್ಡಿನಲ್ಲಿ ಇರುವುದಿಲ್ಲ, ಅದಕ್ಕೆ ಹೆದರಬೇಡಿ. ತಾಯಿಯ ಕಾರ್ಡು ಮತ್ತು ಹೆರಿಗೆ ಮಾಡಿಸಿದ ಆಸ್ಪತ್ರೆಯ ಕಾಗದವನ್ನು ಜೊತೆಗೆ ಒಯ್ಯಿರಿ.

ಯಶಸ್ವಿನಿ ನಮ್ಮ ಸಹಕಾರಿಗಳದೇ ಯೋಜನೆ. 2003ರಲ್ಲಿ ಆರಂಭವಾದಾಗ ತಿಂಗಳಿಗೆ 5 ರೂಪಾಯಿ ಲೆಕ್ಕದಲ್ಲಿ ವರ್ಷಕ್ಕೆ 60 ರೂಪಾಯಿ ವಂತಿಗೆ ಇತ್ತು. ಮುಖ್ಯವಾಗಿ ಶಸ್ತ್ರಚಿಕಿತ್ಸೆಗೆಂದು ಹುಟ್ಟಿದ ಯೋಜನೆ ಅದು. ಹಾವು ಕಡಿತ, ಎತ್ತು ತಿವಿದ ಗಾಯ, ಸಹಜ ಹೆರಿಗೆ, ನವಜಾತ ಶಿಶುವಿನ ಆರೈಕೆ ಇವೂ ಅದರಲ್ಲಿ ಸೇರಿದವು. 2018ರಲ್ಲಿ ನಿಂತ ಯೋಜನೆ 2023ರ ಜನವರಿಯಿಂದ ಮತ್ತೆ ನಡೆಯತೊಡಗಿತು. ಮರುಜಾರಿಯಾದಾಗ ಗ್ರಾಮೀಣ ಸದಸ್ಯರ ನಾಲ್ವರ ಕುಟುಂಬಕ್ಕೆ ವರ್ಷಕ್ಕೆ 500 ರೂಪಾಯಿ ನಿಗದಿಯಾಯಿತು, ಹೆಚ್ಚುವರಿ ಸದಸ್ಯರಿಗೆ ತಲಾ 100 ರೂಪಾಯಿ. ಈ ನೂರು ರೂಪಾಯಿ ಉಳಿಸಲೆಂದು ಮಕ್ಕಳ ಹೆಸರನ್ನೇ ಬಿಡುವುದುಂಟು. ಹಾಗೆ ಮಾಡಬೇಡಿ. ಮಕ್ಕಳ ಚಿಕಿತ್ಸೆಗೆ ಯಾವ ನೆಟ್‌ವರ್ಕ್ ಆಸ್ಪತ್ರೆ ಎಂಬುದನ್ನು ನೋಂದಣಿ ದಿನವೇ ಕಾರ್ಯದರ್ಶಿಯವರಲ್ಲಿ ಕೇಳಿ ಬರೆದಿಟ್ಟುಕೊಳ್ಳಿ. ನೆಗಡಿ, ಜ್ವರಕ್ಕೆ ಹೊರರೋಗಿಯಾಗಿ ತೋರಿಸಿಕೊಂಡು ಬರುವ ಖರ್ಚನ್ನು ಈ ಕಾರ್ಡುಗಳು ಭರಿಸುವುದಿಲ್ಲ.

ಕಾರ್ಡೇ ಇಲ್ಲದವರಿಗೂ ದಾರಿ ಇದೆ. ಜಿಲ್ಲಾ ಆಸ್ಪತ್ರೆಗಳಲ್ಲಿ ನವಜಾತ ಶಿಶುಗಳ ವಿಶೇಷ ಆರೈಕೆ ಘಟಕ ನಡೆಯುತ್ತದೆ. 2011ರಲ್ಲಿ ಆರಂಭವಾದ ಜನನಿ ಶಿಶು ಸುರಕ್ಷಾ ಕಾರ್ಯಕ್ರಮದಡಿ ಸರ್ಕಾರಿ ಆಸ್ಪತ್ರೆಯಲ್ಲಿ ಕಾಯಿಲೆ ಬಿದ್ದ ಹಸುಗೂಸಿಗೆ ಚಿಕಿತ್ಸೆ, ಔಷಧ, ಪರೀಕ್ಷೆ ಎಲ್ಲ ಉಚಿತ. ಮೇಲಿನ ಉದಾಹರಣೆಯ ಮನೆಯವರು ಬೋರ್ಡು ಹುಡುಕುವ ಬದಲು ನೇರವಾಗಿ ಅಲ್ಲಿಗೇ ಹೋಗಿದ್ದರೆ ಮೂರು ಗಂಟೆ ಉಳಿಯುತ್ತಿತ್ತು. ಹುಟ್ಟಿನಿಂದಲೇ ಹೃದಯದಲ್ಲಿ ರಂಧ್ರ, ಸೀಳು ತುಟಿ, ಸೊಟ್ಟ ಪಾದ ಇರುವ ಮಕ್ಕಳಿಗೆ 2013ರ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮವಿದೆ. ಅಂಗನವಾಡಿಗೆ ತಪಾಸಣೆಗೆ ಬರುವ ವೈದ್ಯರ ತಂಡಕ್ಕೆ ತೋರಿಸಿದರೆ ಅವರೇ ಮುಂದಿನ ಆಸ್ಪತ್ರೆಗೆ ಕಳುಹಿಸುತ್ತಾರೆ.

ಯಾವಾಗ ಹೊರಡಬೇಕು? ಮಗು ಮೊಲೆ ಚೀಪುವುದನ್ನು ಬಿಟ್ಟರೆ, ನಿಮಿಷಕ್ಕೆ 60 ಅಥವಾ ಹೆಚ್ಚು ಸಲ ಉಸಿರಾಡಿದರೆ, ಉಸಿರೆಳೆದಾಗ ಎದೆಯ ಕೆಳಭಾಗ ಒಳಕ್ಕೆ ಸೆಳೆದರೆ, ಮೈ ತಣ್ಣಗಾದರೆ ಅಥವಾ ಸುಟ್ಟರೆ, ಫಿಟ್ಸ್ ಬಂದರೆ, ಅಂಗಾಲು ಹಳದಿಯಾದರೆ ಬೆಳಗಿನ ಹಾಲು ಕರೆದು ಹೋಗೋಣ ಎನ್ನದೆ 108ಕ್ಕೆ ಫೋನ್ ಮಾಡಿ. ದಾರಿಯಲ್ಲಿ ಮಗುವನ್ನು ತಾಯಿಯ ಎದೆಗೆ ಚರ್ಮಕ್ಕೆ ಚರ್ಮ ತಾಗುವಂತೆ ಕಟ್ಟಿ, ತಲೆಗೆ ಟೋಪಿ ಹಾಕಿ, ಮೇಲೆ ಬಟ್ಟೆ ಹೊದಿಸಿ. ವಾರ್ಮರ್ ಸಿಗುವವರೆಗೆ ಅದೇ ವಾರ್ಮರ್.

ಆ ಮಗು ಗುಣವಾಗಿ ಮನೆಗೆ ಬಂತು ಎನ್ನೋಣ. ಕೆಲಸ ಇನ್ನೂ ಒಂದಿದೆ. 2 ಕಿಲೋಗಿಂತ ಕಡಿಮೆ ತೂಕದ ಅಥವಾ 34 ವಾರಕ್ಕೆ ಮೊದಲು ಹುಟ್ಟಿದ ಮಗುವಿನ ಕಣ್ಣಿನ ಹಿಂಪದರವನ್ನು ಹುಟ್ಟಿದ 30 ದಿನದೊಳಗೆ ತಜ್ಞರಿಗೆ ತೋರಿಸಲೇಬೇಕು. ತೀರಾ ಚಿಕ್ಕ ಮಗುವಾದರೆ ಇನ್ನೂ ಬೇಗ. ಅಲ್ಲಿ ರಕ್ತನಾಳ ಅಡ್ಡಾದಿಡ್ಡಿ ಬೆಳೆಯುವ ರೋಗ ಹೊರಗಿನಿಂದ ಕಾಣುವುದಿಲ್ಲ. ಸಕಾಲಕ್ಕೆ ಲೇಸರ್ ಚಿಕಿತ್ಸೆ ಮಾಡಿದರೆ ದೃಷ್ಟಿ ಉಳಿಸಬಹುದು, ತಡವಾದರೆ ಕುರುಡು. ಬಿಡುಗಡೆಯ ದಿನ ಕೊಟ್ಟ ಚೀಟಿಯಲ್ಲಿ ಕಣ್ಣಿನ ಪರೀಕ್ಷೆಯ ತಾರೀಖು ಬರೆದಿದ್ದಾರೆಯೇ ನೋಡಿಕೊಳ್ಳಿ, ಬರೆದಿಲ್ಲದಿದ್ದರೆ ಕೇಳಿ ಬರೆಸಿಕೊಂಡೇ ಹೊರಡಿ.